ಊಟದ ಸಾಲಿನಲ್ಲಿ ಸಿಕ್ಕ ಲಿಂಕು

ನಮ್ಮೂರಲ್ಲಿ ಯಾರಾದರೂ "ಮಗಳು ಏನ್ ಮಾಡ್ತಿದ್ದಾಳೆ?" ಎಂದು ಕೇಳಿದರೆ ಅಪ್ಪ ಮೊದಮೊದಲು "ಪೈಲಟ್" ಅನ್ನುತ್ತಿದ್ದರು. ವರ್ಷ ಕಳೆಯಿತು, ಅದು "ಪೈಲಟ್ ಓದಿದ್ದಾಳೆ" ಎಂದಾಯಿತು. ಎರಡನೇ ವರ್ಷದ ಹೊತ್ತಿಗೆ "ಸದ್ಯಕ್ಕೆ ತೋಟ ನೋಡ್ಕೊಂಡಿದ್ದಾಳೆ" ಎಂಬಲ್ಲಿಗೆ ಬಂದು ನಿಂತಿತು. ಇಪ್ಪತ್ತೆರಡು ವರ್ಷ ಸೇನೆಯಲ್ಲಿದ್ದು ಬಂದ ಮನುಷ್ಯ, ಸುಳ್ಳು ಹೇಳುವವರಲ್ಲ. ನಾನು ನಿಜಕ್ಕೂ ತೋಟವನ್ನೇ ನೋಡಿಕೊಂಡಿದ್ದೆ.

ಊರು ಶನಿವಾರಸಂತೆಯಿಂದ ಸ್ವಲ್ಪ ಒಳಗೆ. ಆರೆಕರೆ ಅರೇಬಿಕಾ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಮೆಣಸು, ಇಳಿಜಾರಿನ ಕೆಳಗೆ ಒಂದಿಷ್ಟು ಗದ್ದೆ. ಕೊಡಗಿಗೆ ರೈಲಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ವಿಮಾನ ಹತ್ತಿರದಿಂದ ನೋಡಬೇಕಿದ್ದರೆ ಒಂದೋ ಘಟ್ಟ ಇಳಿದು ಬಜ್ಪೆಗೆ ಹೋಗಬೇಕು, ಇಲ್ಲವೇ ಮೈಸೂರು ಕಡೆ ಹೋಗಬೇಕು, 2018ರ ಡಿಸೆಂಬರಿನಿಂದೀಚೆಗೆ ವಿರಾಜಪೇಟೆ ಕಡೆಯವರಿಗೆ ಕಣ್ಣೂರೂ ಉಂಟು. ಆದರೂ ವಿಮಾನದ ಹುಚ್ಚಿಗೆ ನಮ್ಮಲ್ಲಿ ಕೊರತೆಯಿಲ್ಲ. ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹೆಸರಿನ ವೃತ್ತವಿದೆ. 1965ರ ಯುದ್ಧದಲ್ಲಿ ಪೆಟ್ಟು ತಿಂದ ಮಿಸ್ಟೇರ್ ವಿಮಾನದಲ್ಲೇ ತಿರುಗಿ ನಿಂತು ಪಾಕಿಸ್ತಾನದ ಸ್ಟಾರ್‌ಫೈಟರ್ ಹೊಡೆದವರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಅವರು ತೀರಿಕೊಂಡು ಇಪ್ಪತ್ಮೂರು ವರ್ಷವಾದ ಮೇಲೆ. ನಾನು ಕೆಲಸ ಸಿಗಲಿಲ್ಲವೆಂದು ಮುಖ ಊದಿಸಿಕೊಂಡಾಗಲೆಲ್ಲ ಅಪ್ಪನ ಸಮಾಧಾನ ಒಂದೇ: "ದೇವಯ್ಯನವರಿಗೇ ಇಪ್ಪತ್ಮೂರು ವರ್ಷ ಕಾಯಿಸಿದ್ರು. ನಿಂದೇನು ಅವಸರ?"

ಅವಸರ ಬ್ಯಾಂಕಿನವರಿಗಿತ್ತು. ಐವತ್ತು ಲಕ್ಷ ದಾಟಿದ ತರಬೇತಿ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ತೋಟದ ಮೇಲಿನ ಸಾಲ.

ನನ್ನ ಲೈಸೆನ್ಸ್ ಬಂದದ್ದು 2023ರ ಮಳೆಗಾಲದ ಆರಂಭದಲ್ಲಿ. ಇನ್ನೂರು ಗಂಟೆ ಹಾರಾಟ, ಅದರಲ್ಲಿ ನೂರು ಗಂಟೆ ನಾವೇ ಕ್ಯಾಪ್ಟನ್ ಆಗಿ, ಹವಾಮಾನ, ನ್ಯಾವಿಗೇಷನ್, ನಿಯಮಾವಳಿಗಳ ಪರೀಕ್ಷೆಯಲ್ಲಿ ನೂರಕ್ಕೆ ಎಪ್ಪತ್ತು, ರೇಡಿಯೋ ಪರವಾನಗಿ, ಕ್ಲಾಸ್ ಒನ್ ಮೆಡಿಕಲ್. ಹದಿನಾಲ್ಕು ತಿಂಗಳಲ್ಲಿ ಮುಗಿಸಿಕೊಡುತ್ತೇವೆ ಎಂದಿದ್ದ ಶಾಲೆ ಇಪ್ಪತ್ತಾರು ತಿಂಗಳು ಮಾಡಿತು. ಆ ಕಥೆ ಬೇರೆ, ಇಲ್ಲಿ ಬೇಡ. ಆ ವರ್ಷ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೊಟ್ಟ ಸಿಪಿಎಲ್, ಅಂದರೆ ವಾಣಿಜ್ಯ ಪೈಲಟ್ ಲೈಸೆನ್ಸ್‌ಗಳ ಸಂಖ್ಯೆ 1,622, ಅಲ್ಲಿಯವರೆಗಿನ ದಾಖಲೆ. ಅದರಲ್ಲಿ ನಂದೊಂದು. ಅದೇ ವರ್ಷ ಮೇ 3ಕ್ಕೆ ಗೋ ಫಸ್ಟ್ ವಿಮಾನ ಕಂಪನಿ ಹಾರಾಟ ನಿಲ್ಲಿಸಿತ್ತು. ಅಲ್ಲಿಂದ ಹೊರಬಿದ್ದವರೆಲ್ಲ ಎ320 ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸುವ ಪ್ರತ್ಯೇಕ ಅರ್ಹತೆ) ಇದ್ದವರು, ಸಾವಿರಾರು ಗಂಟೆ ಹಾರಿಸಿದವರು. ಇತ್ತ ಪ್ರಾಟ್ ಆ್ಯಂಡ್ ವಿಟ್ನಿ ಇಂಜಿನ್ನಿನ ತೊಂದರೆಯಿಂದ ಇಂಡಿಗೋದ ಎಪ್ಪತ್ತಕ್ಕೂ ಹೆಚ್ಚು ವಿಮಾನಗಳು 2024ರ ಆರಂಭಕ್ಕೆ ನೆಲ ಹಿಡಿದು ಕೂತಿದ್ದವು. ಪತ್ರಿಕೆಗಳಲ್ಲಿ ಮಾತ್ರ ಏರ್ ಇಂಡಿಯಾ 470 ವಿಮಾನ, ಇಂಡಿಗೋ 500 ವಿಮಾನ ಕೊಳ್ಳುವ ಸುದ್ದಿ. ನೆಂಟರೆಲ್ಲ ಅದನ್ನೇ ಕತ್ತರಿಸಿ ವಾಟ್ಸಾಪಿಗೆ ಹಾಕುತ್ತಿದ್ದರು. ಆರ್ಡರ್ ಕೊಟ್ಟ ವಿಮಾನ ಬರುವುದಕ್ಕೆ ವರ್ಷಗಳು ಹಿಡಿಯುತ್ತವೆ ಎಂದು ಎಷ್ಟು ಜನಕ್ಕೆ ಹೇಳಲಿ?

ನಮ್ಮ ಕಸುಬಿನಲ್ಲಿ 'ಕರೆನ್ಸಿ' ಎಂದು ಒಂದು ಮಾತಿದೆ. ಹಾರಾಟ ಕೈಬಿಟ್ಟು ಹೋಗದಂತೆ ಆಗಾಗ ಹಾರುತ್ತಿರಬೇಕು, ವರ್ಷಕ್ಕೊಮ್ಮೆ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದಾಗ ಉಪಕರಣ ನೋಡಿ ಹಾರಿಸುವ ಅರ್ಹತೆ) ನವೀಕರಿಸಬೇಕು, ಮೆಡಿಕಲ್ ಮಾಡಿಸಬೇಕು. ಒಂದು ದಿನ ಫೋನಿನಲ್ಲಿ ಗೆಳತಿಗೆ "ನನ್ ಕರೆನ್ಸಿ ಮುಗೀತಿದೆ ಕಣೇ" ಎಂದದ್ದನ್ನು ಕೇಳಿಸಿಕೊಂಡ ಅಮ್ಮ ಸಂಜೆ ಸಾಸಿವೆ ಡಬ್ಬಿಯಿಂದ ಎರಡು ಸಾವಿರ ತಂದುಕೊಟ್ಟಳು. ಅರ್ಥ ತಪ್ಪಿರಲಿಲ್ಲ. ಮೊತ್ತ ಮಾತ್ರ ಲಕ್ಷದ ಲೆಕ್ಕದಲ್ಲಿತ್ತು.

ಇಂಥ ಹೊತ್ತಲ್ಲಿ ಬೆಂಗಳೂರಿನಲ್ಲಿ ವಿಮಾನಯಾನ ಉದ್ಯೋಗ ಮೇಳ ಎಂಬ ಜಾಹೀರಾತು ಕಣ್ಣಿಗೆ ಬಿತ್ತು. ಪ್ರವೇಶಕ್ಕೆ ಸಾವಿರದ ಐನೂರು. ಸೋಮವಾರಪೇಟೆಯಿಂದ ರಾತ್ರಿ ಬಸ್ಸು ಹಿಡಿದೆ. ಮಡಿಲಲ್ಲಿ ಪ್ರತಿ ಹಾರಾಟದ ಲೆಕ್ಕ ಬರೆದ ಲಾಗ್‌ಬುಕ್, ಬ್ಯಾಗಲ್ಲಿ ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿದ ಮೂವತ್ತು ಬಯೋಡೇಟಾ, ಪೇಪರಲ್ಲಿ ಸುತ್ತಿದ ಇಸ್ತ್ರಿ ಶರ್ಟು. ಮೆಜೆಸ್ಟಿಕ್ಕಿನ ಶೌಚಾಲಯದಲ್ಲಿ ಬಟ್ಟೆ ಬದಲಿಸಿ ವಿಮಾನ ನಿಲ್ದಾಣದ ರಸ್ತೆಯ ಹೋಟೆಲು ಮುಟ್ಟಿದಾಗ ಬೆಳಿಗ್ಗೆ ಎಂಟೂವರೆ. ನನಗಿಂತ ಮುಂಚೆ ಇನ್ನೂರು ಜನ ಸಾಲಲ್ಲಿದ್ದರು.

ಒಳಗೆ ಇಪ್ಪತ್ತಾರು ಮಳಿಗೆ. ಎಣಿಸಿದ್ದೇನೆ, ಎಣಿಸುವುದಕ್ಕೆ ಅಲ್ಲಿ ಸಮಯವೂ ಬೇಕಾದಷ್ಟಿತ್ತು. ಒಂಬತ್ತು ಹಾರಾಟ ಶಾಲೆಗಳು. ಲೈಸೆನ್ಸ್ ಇಟ್ಟುಕೊಂಡು ಕೆಲಸ ಹುಡುಕುತ್ತಾ ಬಂದವರಿಗೆ ಲೈಸೆನ್ಸ್ ಮಾಡಿಸಿಕೊಡುತ್ತೇವೆ ಎನ್ನುವವರು. ಐದು ಟೈಪ್ ರೇಟಿಂಗ್ ಮಾರುವವರು. ಮೂರು ಸಾಲ ಕೊಡುವವರು. ಗಗನಸಖಿ ತರಬೇತಿ, ಡ್ರೋನ್ ತರಬೇತಿ, ವಿಮಾನ ನಿಲ್ದಾಣದ ನೆಲದ ಕೆಲಸಗಳಿಗೆ ಆಳು ತೆಗೆದುಕೊಳ್ಳುವವರು. ಈ ಕೊನೆಯವರು ಮಾತ್ರ ನಿಜವಾಗಿ ಕೆಲಸ ಕೊಡುತ್ತಿದ್ದರು, ಅವರ ಮುಂದಿದ್ದ ಹುಡುಗರಲ್ಲಿ ಹತ್ತಾರು ಮಂದಿಗೆ ಅವತ್ತೇ ಪತ್ರ ಸಿಕ್ಕಿತು. ಹಾಗಾಗಿ ಮೇಳವೇ ಮೋಸ ಎಂದು ನಾನು ಹೇಳಲಾರೆ. ಆದರೆ ಆ ಹಾಲಿನಲ್ಲಿ ಪೈಲಟ್‌ಗೆ ಸಂಬಳ ಕೊಡುವ ಕಂಪನಿ ಇದ್ದದ್ದು ಒಂದೇ ಒಂದು. ಅಲ್ಲಿ ಕೂತಿದ್ದ ಇಬ್ಬರು ನನಗಿಂತ ಚಿಕ್ಕವರು. ಬಯೋಡೇಟಾ ಮುಟ್ಟಲೂ ಇಲ್ಲ. ನಗುನಗುತ್ತಾ ಕ್ಯೂಆರ್ ಕೋಡ್ ತೋರಿಸಿದರು. ಸ್ಕ್ಯಾನ್ ಮಾಡಿದರೆ ತೆರೆದುಕೊಂಡದ್ದು, ನಾನು ದಿನಕ್ಕೆ ಎರಡು ಸಲ ತೋಟದ ಮೇಲ್ಗಡೆಯ ಬಂಡೆ ಹತ್ತಿ ಸಿಗ್ನಲ್ ಹಿಡಿದು ನೋಡುತ್ತಿದ್ದ ಅದೇ ವೆಬ್‌ಸೈಟ್ ಪುಟ. 'ಸದ್ಯ ಯಾವುದೇ ಹುದ್ದೆ ಖಾಲಿ ಇಲ್ಲ' ಎಂಬ ಅದೇ ಸಾಲು.

ಅಮೆರಿಕದಲ್ಲಿ ಹೀಗಲ್ಲ ಎಂದು ಅರಿಜೋನಾದಲ್ಲಿ ಕಲಿತ ಗೆಳೆಯನೊಬ್ಬ ಆಮೇಲೆ ಹೇಳಿದ. ಅಲ್ಲಿ ಪೈಲಟ್ ಸಂಘಟನೆಗಳ ವಾರ್ಷಿಕ ಸಮಾವೇಶಗಳಿಗೆ ಏರ್‌ಲೈನ್‌ಗಳ ನೇಮಕಾತಿಯವರೇ ಬಂದು ಕೂರುತ್ತಾರಂತೆ, ಮೇಳದಲ್ಲೇ ಸಂದರ್ಶನದ ದಿನ ಗೊತ್ತುಮಾಡುವುದೂ ಉಂಟಂತೆ. ಆದರೆ ಅಲ್ಲಿನ ಲೆಕ್ಕವೇ ಬೇರೆ. 2009ರಲ್ಲಿ ಬಫಲೋ ಬಳಿ ಕೋಲ್ಗನ್ ಕಂಪನಿಯ ವಿಮಾನ ಬಿದ್ದ ಮೇಲೆ, 2013ರಿಂದ ಏರ್‌ಲೈನ್ ಸೇರಲು ಸಾಮಾನ್ಯವಾಗಿ 1,500 ಗಂಟೆ ಬೇಕು. ಅಷ್ಟು ಗಂಟೆ ಮುಗಿಸುವ ಹೊತ್ತಿಗೆ ಆ ಮನುಷ್ಯ ಬೋಧಕನಾಗಿಯೋ ಸರಕು ಸಾಗಿಸಿಯೋ ಕೆಲಸ ಮಾಡಿರುತ್ತಾನೆ, ನಾಲ್ಕು ಜನಕ್ಕೆ ಗುರುತಿರುತ್ತಾನೆ, ಮಾತಾಡಲು ಅವನ ಹತ್ತಿರ ಸರಕಿರುತ್ತದೆ. ನಮ್ಮದು ಇನ್ನೂರು ಗಂಟೆ. ಮೇಳದ ಮೇಜಿನ ಮುಂದೆ ನಿಂತ ಇನ್ನೂರು ಜನರದ್ದೂ ಇನ್ನೂರೇ ಗಂಟೆ. ಆ ಮೇಜಿನ ಹಿಂದೆ ಯಾರೇ ಕೂತರೂ ನಮ್ಮಲ್ಲಿ ಯಾರನ್ನು ಯಾಕೆ ಆರಿಸಬೇಕು?

ಮಧ್ಯಾಹ್ನ ಊಟದ ಸಾಲಲ್ಲಿ ನನ್ನ ಹಿಂದೆ ಅರಕಲಗೂಡಿನ ಹುಡುಗನೊಬ್ಬ ನಿಂತಿದ್ದ. ನನ್ನ ಮಾತಿನ ರಾಗ ಕೇಳಿ "ನೀವು ಕೊಡ್ಲಿಪೇಟೆ ಕಡೆಯವ್ರಾ?" ಅಂದ. ಪುಲಾವ್ ತಣ್ಣಗಿತ್ತು, ಮಾತು ಬೆಚ್ಚಗಾಯಿತು. ಏಳು ಜನ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡೆವು. ಯಾರ ಕಣ್ಣಿಗೆ ಅರ್ಜಿ ಬಿದ್ದರೂ ಉಳಿದವರಿಗೆ ತಿಳಿಸಬೇಕು, ಪೈಪೋಟಿ ಎಂದು ಬಚ್ಚಿಡಬಾರದು ಎಂಬುದೊಂದೇ ಷರತ್ತು.

ಅದೇ ಮೇಳದಲ್ಲಿ 'ಉಚಿತ ಅಣಕು ಸಂದರ್ಶನ' ಎಂಬ ಫಲಕವೂ ಇತ್ತು. ಹದಿನೈದು ನಿಮಿಷ ಕೂರಿಸಿ, ನಿಮ್ಮಲ್ಲಿ ಆತ್ಮವಿಶ್ವಾಸ ಸಾಲದು ಎಂದರು. ಹತ್ತು ತಿಂಗಳಿಂದ ಕೆಲಸವಿಲ್ಲದೆ ಕೂತವಳಲ್ಲಿ ಅದು ಸಾಲದು ಎಂದು ಕಂಡುಹಿಡಿಯಲು ಹದಿನೈದು ನಿಮಿಷ ಯಾಕೆ ಬೇಕಿತ್ತೋ. ಮೂವತ್ತೈದು ಸಾವಿರಕ್ಕೆ ಹನ್ನೆರಡು ದಿನದ ಕೋಚಿಂಗ್. ಮೆಣಸು ಮಾರಿದ ದುಡ್ಡು ಕಟ್ಟಿದೆ.

ಬ್ಯಾಚಿನಲ್ಲಿ ಹನ್ನೊಂದು ಜನ. ಮೇಷ್ಟ್ರು ಚೆನ್ನಾಗಿ ಮಾತಾಡುವವರು, ಹಿಂದೆ ಯಾವುದೋ ಕಂಪನಿಯ ಮಾನವ ಸಂಪನ್ಮೂಲದಲ್ಲಿದ್ದವರು, ವಿಮಾನ ಹಾರಿಸಿದವರಲ್ಲ. ಪ್ರತಿ ಪ್ರಶ್ನೆಗೂ ಅವರ ಬಳಿ ಅಚ್ಚು ಇತ್ತು. ಪೈಲಟ್ ಯಾಕಾದಿರಿ? ಚಿಕ್ಕಂದಿನಲ್ಲಿ ಆಕಾಶ ನೋಡಿ. ದೌರ್ಬಲ್ಯವೇನು? ಎಲ್ಲವೂ ಅಚ್ಚುಕಟ್ಟಾಗಿರಬೇಕೆಂಬ ಹಟ. ಹತ್ತನೇ ದಿನ ಒಬ್ಬೊಬ್ಬರೇ ಎದ್ದು ಹೇಳುವಾಗ ಹನ್ನೊಂದು ಜನವೂ ಚಿಕ್ಕಂದಿನಲ್ಲಿ ಆಕಾಶ ನೋಡಿದವರೇ ಆಗಿದ್ದೆವು. ನಾನು ವಿಮಾನಕ್ಕೆ ಬಂದದ್ದು ಆಕಾಶ ನೋಡಿಯಲ್ಲ. ಮಳೆಗಾಲದಲ್ಲಿ ನಮ್ಮೂರಲ್ಲಿ ಆಕಾಶ ಕಾಣುವುದೇ ಇಲ್ಲ. ಮೋಡದ ಮೇಲೆ ಬಿಸಿಲಿರುತ್ತದೆ ಎಂದು ಐದನೇ ಕ್ಲಾಸಿನಲ್ಲಿ ಯಾರೋ ಹೇಳಿದ್ದನ್ನು ನಂಬದೆ, ನೋಡೇಬಿಡೋಣ ಎಂದು ಹೊರಟವಳು. ಅದನ್ನು ಹೇಳಿದೆ. "ಚೈಲ್ಡಿಷ್ ಅನಿಸುತ್ತೆ, ಬೇಡ" ಅಂದರು.

ಮಂಗಳೂರು ದುರಂತದ ಬಗ್ಗೆಯೂ ಅಚ್ಚು ಇತ್ತು. 2010ರ ಮೇ 22, ಏರ್ ಇಂಡಿಯಾ ಎಕ್ಸ್‌ಪ್ರೆಸ್ 812, ಸತ್ತವರು 158, ಉಳಿದವರು ಎಂಟು. ಸಂದರ್ಶನಗಳಲ್ಲಿ ಇದು ಬಂದೇ ಬರುತ್ತದೆ: ಕ್ಯಾಪ್ಟನ್ ತಪ್ಪು ಮಾಡುತ್ತಿದ್ದರೆ ಸಹ ಪೈಲಟ್ ಆಗಿ ಏನು ಮಾಡುತ್ತೀರಿ? "ವಿನಯದಿಂದ ಗಮನಕ್ಕೆ ತರುತ್ತೇನೆ" ಎಂದು ಬರೆಸಿದರು. ತನಿಖಾ ವರದಿ ಓದಿದವರಿಗೆ ಗೊತ್ತು, ಅವತ್ತು ಸಹ ಪೈಲಟ್ ಮೂರು ಸಲ ಗೋ ಅರೌಂಡ್, ಅಂದರೆ ಇಳಿಸದೆ ಮತ್ತೆ ಮೇಲೇರೋಣ ಎಂದಿದ್ದರು. ಕ್ಯಾಪ್ಟನ್ ಕೇಳಲಿಲ್ಲ. ಎಂಟು ಸಾವಿರ ಅಡಿಯ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ. ಮುಂದೆ ಇದ್ದದ್ದು ಕಣಿವೆ. ಗಮನಕ್ಕೆ ತರುವುದಂತೂ ಆಗಿತ್ತಲ್ಲ, ಆಮೇಲೇನು ಎಂಬುದಲ್ಲವೇ ಪ್ರಶ್ನೆ? ನಾನು ಕೇಳಿದೆ. ಸಮಯ ಮುಗಿದಿತ್ತು.

ನ್ಯಾಯವಾಗಿ ಹೇಳಬೇಕೆಂದರೆ ಎರಡು ಸಂಗತಿ ಉಪಯೋಗಕ್ಕೆ ಬಂದವು. ನಾವು ಮಾತಾಡುವುದನ್ನು ವಿಡಿಯೋ ಮಾಡಿ ನಮಗೇ ತೋರಿಸಿದರು. ವಾಕ್ಯಕ್ಕೆರಡು ಸಲ 'ಸರ್' ಅನ್ನುತ್ತೇನೆ, ಉತ್ತರ ಮುಗಿದ ಮೇಲೂ ನಿಲ್ಲಿಸುವುದಿಲ್ಲ ಎಂದು ನನಗೆ ಗೊತ್ತಾದದ್ದು ಅಲ್ಲಿ. ಇನ್ನೊಂದು, ಕಂಪ್ಯೂಟರ್ ಮೇಲಿನ ಯೋಗ್ಯತಾ ಪರೀಕ್ಷೆ: ಒಂದು ಕೈಯಲ್ಲಿ ಜಾಯ್‌ಸ್ಟಿಕ್ ಹಿಡಿದು ಚುಕ್ಕಿ ಬೆನ್ನಟ್ಟಬೇಕು, ಕಿವಿಯಲ್ಲಿ ಬರುವ ಸಂಖ್ಯೆ ನೆನಪಿಡಬೇಕು, ಜತೆಗೆ ಬಾಯಿಲೆಕ್ಕ. ಇದು ಅಭ್ಯಾಸದಿಂದ ಸುಧಾರಿಸುವ ವಿದ್ಯೆ, ಮಾಡಿಸಿದರು, ಸುಧಾರಿಸಿತು. ಈ ಎರಡಕ್ಕೆ ಆರೇಳು ಸಾವಿರ ಕೊಡಬಹುದು. ಉಳಿದದ್ದು ಬಾಯಿಪಾಠ.

ಆ ಬಾಯಿಪಾಠದಲ್ಲಿ ನನ್ನನ್ನು ಮುಳುಗಿಸಿದ್ದೂ ಒಂದಿತ್ತು. ಶಾಲೆಯಲ್ಲಿ ಎರಡು ಇಂಜಿನ್ನಿನ ವಿಮಾನದ ಪರೀಕ್ಷೆಯಲ್ಲಿ ನಾನು ಒಮ್ಮೆ ಫೇಲಾಗಿದ್ದೆ. ಪರೀಕ್ಷಕರು ಎಡಗಡೆಯ ಇಂಜಿನ್ ಕೆಟ್ಟಂತೆ ಮಾಡಿದರು, ನನ್ನ ಕೈ ಹೋದದ್ದು ಬಲಗಡೆಯ ಇಂಜಿನ್ನಿನ ಲಿವರ್ ಮೇಲೆ. 'ಸತ್ತ ಕಾಲು, ಸತ್ತ ಇಂಜಿನ್' ಎಂಬ ಸೂತ್ರ ಎಲ್ಲರಿಗೂ ಬರುತ್ತದೆ, ವಿಮಾನವನ್ನು ನೇರ ಹಿಡಿಯಲು ಪೆಡಲ್ ಒತ್ತುವಾಗ ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯ ಇಂಜಿನ್ ಸತ್ತಿದೆ ಎಂದು. ಗಡಿಬಿಡಿಯಲ್ಲಿ ಕಾಲನ್ನು ಕೇಳಬೇಕೆಂಬುದೇ ಮರೆಯಿತು. ವಾರದ ಮೇಲೆ ಮತ್ತೆ ಪರೀಕ್ಷೆ ಕೊಟ್ಟು ಪಾಸಾದೆ. "ಅದನ್ನು ನೀವಾಗಿ ಎತ್ತಬೇಡಿ" ಎಂದು ಕೋಚಿಂಗಿನಲ್ಲಿ ಕಿವಿಮಾತು.

2024ರ ಕೊನೆಗೆ ಒಂದು ಕಡೆಯಿಂದ ಕರೆ ಬಂತು. ಲಿಖಿತ ಪರೀಕ್ಷೆ ದಾಟಿದೆ, ಚುಕ್ಕಿ ಬೆನ್ನಟ್ಟುವುದನ್ನೂ ದಾಟಿದೆ. ಸಂದರ್ಶನದಲ್ಲಿ ಮೂವರು. ನಡುವಿನವರು ಕೇಳಿದರು, "ತರಬೇತಿಯಲ್ಲಿ ಕಷ್ಟವಾದ ಘಟನೆ?" ಹವಾಮಾನ ಕೆಟ್ಟು ಸೋಲೋ (ಒಬ್ಬಳೇ ಹಾರುವುದು) ತಡವಾದ ಕಥೆ ಹೇಳಿದೆ, ಅಚ್ಚಿನ ಪ್ರಕಾರ ಸಂದರ್ಭ, ಕೆಲಸ, ಕ್ರಮ, ಫಲಿತಾಂಶ ಎಂದು ನಾಲ್ಕು ಭಾಗ ಮಾಡಿ. ಅವರು ನನ್ನ ಲಾಗ್‌ಬುಕ್ಕನ್ನು ನಿಧಾನಕ್ಕೆ ಮಗುಚಿ, ಒಂದು ಪುಟದ ಮೇಲೆ ಬೆರಳಿಟ್ಟು, ನನ್ನ ಕಡೆ ತಿರುಗಿಸಿದರು. ವಾರದ ಅಂತರದಲ್ಲಿ ಎರಡು ಸಲ ಅದೇ ಪರೀಕ್ಷೆ. ನನಗೆ ಬಾಯಿ ಬರಲಿಲ್ಲ. ಅವರು ಬೈಯಲೂ ಇಲ್ಲ. "ಥ್ಯಾಂಕ್ಯೂ" ಎಂದರು, ಅಷ್ಟೇ. ವಾಪಸು ಬರುವ ಬಸ್ಸಿನಲ್ಲಿ ಕುಶಾಲನಗರ ದಾಟುವವರೆಗೂ ಆ ಬೆರಳು ಕಣ್ಣಿಗೆ ಕಟ್ಟಿಕೊಂಡೇ ಇತ್ತು.

ವಾಯುಪಡೆಯಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರು ಸೋಮವಾರಪೇಟೆ ಹತ್ತಿರ ತೋಟ ಮಾಡಿಕೊಂಡಿದ್ದಾರೆ. ಅಪ್ಪನಿಗೆ ಮಾಜಿ ಸೈನಿಕರ ಕ್ಯಾಂಟೀನಿನ ಪರಿಚಯ. ಅಪ್ಪ ನನ್ನನ್ನು ಹೆಚ್ಚು ಕಡಿಮೆ ಎಳೆದುಕೊಂಡೇ ಹೋದರು. ಕಾಫಿ ಒಣಗುವ ಕಣದ ಅಂಚಿಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. ಪೈಲಟ್ ಯಾಕಾದೆ ಎಂದು ಕೇಳಲಿಲ್ಲ. "ಯಾವ ಕೈ ಹೋಯ್ತು? ತೋರ್ಸು" ಅಂದರು. ತೋರಿಸಿದೆ. "ಕಾಲು ಎಲ್ಲಿತ್ತು?" ಆ ಕುರ್ಚಿಯ ಮೇಲೆ, ಕಾಫಿ ಕೆರೆಯುವ ಮರದ ಹಲಗೆಗಳನ್ನು ಲಿವರ್ ಮಾಡಿಕೊಂಡು, ಆ ಐದು ಸೆಕೆಂಡನ್ನು ಒಂದು ಗಂಟೆ ಬಿಡಿಸಿದರು. ಆಮೇಲೆ ತೈಪೆಯ ಕಥೆ ಹೇಳಿದರು. 2015ರ ಫೆಬ್ರವರಿಯಲ್ಲಿ ಟ್ರಾನ್ಸ್‌ಏಷ್ಯಾದ ಎಟಿಆರ್ ವಿಮಾನ ಮೇಲೇರುತ್ತಿದ್ದಂತೆ ಒಂದು ಇಂಜಿನ್ ಕೈಕೊಟ್ಟಿತು, ಕ್ಯಾಪ್ಟನ್ ಚೆನ್ನಾಗಿದ್ದ ಇನ್ನೊಂದನ್ನು ನಿಲ್ಲಿಸಿಬಿಟ್ಟರು. 43 ಜನ ಸತ್ತರು. "ನಿಂಗೆ ಈ ತಪ್ಪು ಪರೀಕ್ಷಕರ ಪಕ್ಕ ಕೂತಾಗ ಆಗಿದೆ. ಇದಕ್ಕಿಂತ ಅಗ್ಗದಲ್ಲಿ ಯಾರಿಗೂ ಸಿಗಲ್ಲ. ಮುಚ್ಚಿಟ್ಟಿದ್ಯಲ್ಲ, ದಡ್ಡಿ."

ನಾಲ್ಕು ಭಾನುವಾರ ಹೋದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಮಂಗಳೂರಿನ ಪ್ರಶ್ನೆಯನ್ನು ಅವರ ಮುಂದೂ ಇಟ್ಟೆ. ಎರಡು ಸಲ ಹೇಳಿದ ಮೇಲೂ ಪ್ರತಿಕ್ರಿಯೆ ಬರದಿದ್ದರೆ ಕಂಟ್ರೋಲ್ ತೆಗೆದುಕೊಳ್ಳುವ ಪದ್ಧತಿ ಇದೆ, ಪುಸ್ತಕದಲ್ಲಿದೆ, ಹೇಳುವುದು ಸುಲಭ ಎಂದರು. ನಂತರ, "ನಿಮ್ಮಪ್ಪ ಜೀಪು ಓಡಿಸುವಾಗ ಯಾವತ್ತಾದ್ರೂ ನಿಲ್ಸು ಅಂದಿದ್ಯಾ?" ಎಂದು ಕೇಳಿದರು. ಅಪ್ಪ ಅಲ್ಲೇ ಇದ್ದರು. ನಾನು ಸುಮ್ಮನಾದೆ. ಅವರಿಬ್ಬರೂ ನಕ್ಕರು.

2025ರ ಮಳೆಗಾಲ ಮುಗಿಯುತ್ತಾ ಬಂದಿದ್ದ ಒಂದು ರಾತ್ರಿ ಹನ್ನೊಂದು ಗಂಟೆಗೆ ಗುಂಪಿನಲ್ಲಿ ಅರಕಲಗೂಡಿನ ಹುಡುಗ ಒಂದು ಲಿಂಕು ಹಾಕಿದ. ಟೈಪ್ ರೇಟಿಂಗ್ ಇಲ್ಲದವರಿಗೂ ಅರ್ಜಿ ತೆರೆದಿತ್ತು, ಎರಡೇ ದಿನ. ನಮ್ಮ ಮನೆಯಲ್ಲಿ ಕರೆಂಟಿಲ್ಲದೆ ಮೂರು ದಿನವಾಗಿತ್ತು. ಛತ್ರಿ, ಟಾರ್ಚು ಹಿಡಿದು ಬಂಡೆ ಹತ್ತಿದೆ. ಅಪ್ಪ ಹಿಂದೆಯೇ ಕೋವಿ ಹಿಡಿದು ಬಂದರು, ಆನೆ ಎರಡು ದಿನದಿಂದ ಗದ್ದೆ ಅಂಚಲ್ಲೇ ಇತ್ತು. ಪಿಯುಸಿ ಅಂಕಪಟ್ಟಿ ಅಪ್‌ಲೋಡ್ ಆಗಲು ಇಪ್ಪತ್ತು ನಿಮಿಷ ಹಿಡಿಯಿತು. ಆ ಲಿಂಕು ಗುಂಪಿಗೆ ಬರದಿದ್ದರೆ ಆ ಎರಡು ದಿನ ನಾನು ಪುಟ ನೋಡುತ್ತಲೇ ಇರಲಿಲ್ಲ, ಫೋನ್ ಚಾರ್ಜ್ ಉಳಿಸಿಕೊಳ್ಳುತ್ತಿದ್ದೆ. ಮೇಳಕ್ಕೆ ಕೊಟ್ಟ ಸಾವಿರದ ಐನೂರರ ಲೆಕ್ಕವನ್ನು ಅಂದಿನಿಂದ ನಾನು ಆ ತಣ್ಣನೆಯ ಪುಲಾವಿನ ಖಾತೆಗೆ ಬರೆದಿದ್ದೇನೆ.

ಈ ಸಲ ಸಂದರ್ಶನದಲ್ಲಿ ಇಬ್ಬರೇ. ಫೇಲಾದ ಸಂಗತಿಯನ್ನು ನಾನೇ ಮೊದಲು ಹೇಳಿದೆ. ಎಡ ಯಾವುದು, ಬಲ ಯಾವುದು, ಕೈ ಎಲ್ಲಿತ್ತು, ಈಗ ಲಿವರ್ ಮೇಲೆ ಕೈ ಇಟ್ಟು ಜೋರಾಗಿ ಹೆಸರು ಹೇಳಿ, ಪಕ್ಕದವರು ಹೌದು ಎನ್ನುವವರೆಗೆ ಎಳೆಯುವುದಿಲ್ಲ ಎಂದು. ಅದರ ಮೇಲೆಯೇ ಇಪ್ಪತ್ತು ನಿಮಿಷ ಮಾತು ನಡೆಯಿತು. ಸಿಮ್ಯುಲೇಟರಿನಲ್ಲಿ ಸಾಧಾರಣವಾಗಿ ಹಾರಿಸಿದೆ. ಹದಿನೆಂಟು ದಿನದ ಮೇಲೆ ಆಯ್ಕೆಯಾದ ಇಮೇಲ್ ಬಂತು. ಅರಕಲಗೂಡಿನ ಹುಡುಗ ಗುಂಪು ಚಟುವಟಿಕೆಯಲ್ಲಿ ಬಿದ್ದುಹೋದ. ಬಾಯಿಲೆಕ್ಕದಲ್ಲಿ, ಹವಾಮಾನ ಬಿಡಿಸುವುದರಲ್ಲಿ ನನಗಿಂತ ಗಟ್ಟಿಗ ಅವನು. ಇಲ್ಲಿ ನನ್ನ ಪ್ರಾಮಾಣಿಕತೆ ಗೆದ್ದಿತು ಎಂದು ಬರೆಯಲು ಕೈ ಬರುವುದಿಲ್ಲ. ಹುದ್ದೆ ತೆರೆದಿದ್ದರಿಂದ ಕರೆದರು. 2024ರ ಬಹುಪಾಲು ಬಾಗಿಲೇ ಮುಚ್ಚಿದ್ದಾಗ ನಾನು ಎಷ್ಟು ಚೆನ್ನಾಗಿ ಮಾತಾಡಿದ್ದರೂ ಕೇಳುವವರು ಯಾರಿದ್ದರು?

ಆಯ್ಕೆಯೆಂದರೆ ಕೆಲಸವಲ್ಲ, ಅದನ್ನೂ ಹೇಳಿಬಿಡುತ್ತೇನೆ. ಟೈಪ್ ರೇಟಿಂಗ್ ನನ್ನ ಖರ್ಚಿನಲ್ಲಿ, ಅದಕ್ಕೆ ಇನ್ನೊಂದು ಸಾಲ. ಕಾಫಿಗೆ ಎರಡು ವರ್ಷದಿಂದ ಒಳ್ಳೆ ಬೆಲೆ ಇದ್ದದ್ದರಿಂದ ಬ್ಯಾಂಕಿನವರು ಮುಖ ಸಿಂಡರಿಸಲಿಲ್ಲ. ಸಿಮ್ಯುಲೇಟರು, ಖಾಲಿ ವಿಮಾನದಲ್ಲಿ ಇಳಿಸಿ ಏರಿಸುವ ಅಭ್ಯಾಸ, ಬೋಧಕ ಕ್ಯಾಪ್ಟನ್ ಪಕ್ಕ ಕೂತು ಪ್ರಯಾಣಿಕರ ವಿಮಾನ, ಇವೆಲ್ಲ ಮುಗಿದು ಲೈನ್ ರಿಲೀಸ್ (ಬೋಧಕರಿಲ್ಲದೆ ಸಹ ಪೈಲಟ್ ಆಗಿ ಹಾರಲು ಒಪ್ಪಿಗೆ) ಆಗಲು ತಿಂಗಳುಗಟ್ಟಲೆ ಬೇಕು. ಬ್ಯಾಚಿನ ದಿನಾಂಕ ಇನ್ನೂ ಬಂದಿರಲಿಲ್ಲ.

ಅಷ್ಟರಲ್ಲಿ 2025ರ ಡಿಸೆಂಬರ್ ಬಂತು. ಪೈಲಟ್‌ಗಳ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ, ರಾತ್ರಿ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಎಂಬ ಹೊಸ ನಿಯಮಕ್ಕೆ ಇಂಡಿಗೋ ತಯಾರಾಗಿರದೆ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದಾದವು. ಎಲ್ಲ ಚಾನೆಲ್ಲುಗಳಲ್ಲೂ ಪೈಲಟ್ ಕೊರತೆ, ಪೈಲಟ್ ಕೊರತೆ. ನಮ್ಮಲ್ಲಿ ಅರೇಬಿಕಾ ಕೊಯ್ಲು ನಡೆಯುತ್ತಿತ್ತು. ನಾನು ಕಣದಲ್ಲಿ ಬುಟ್ಟಿ ತೂಗಿ ಲೆಕ್ಕ ಬರೆಯುತ್ತಿದ್ದೆ. ಪಕ್ಕದ ತೋಟದ ಮಾಮ ಬೇಲಿಯಾಚೆಯಿಂದ ಕೂಗಿದರು:

"ಏನಮ್ಮಾ, ಅಲ್ಲಿ ಪೈಲಟ್ ಇಲ್ಲ ಅಂತ ಜನ ಏರ್‌ಪೋರ್ಟಲ್ಲಿ ಮಲಗಿದ್ದಾರೆ, ನೀನಿಲ್ಲಿ ಹಣ್ಣು ತೂಗ್ತಾ ಕೂತಿದ್ದೀಯ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ತಲೆಯೆತ್ತದೆ ಉತ್ತರ ಕೊಟ್ಟರು. "ಪೈಲಟ್ ಅವಳು. ಕರೆದ್ರೆ ಹೋಗ್ತಾಳೆ." ಮತ್ತೆ ನನ್ನ ಕಡೆ ತಿರುಗಿ, "ಆ ಬುಟ್ಟಿ ಎಷ್ಟು ಕೆ.ಜಿ. ಅಂದೆ?"